ಚಿಟ್ಟೆ ವಲಸೆ ಬಂದಾಗ ನಿಮ್ಮೂರಿನ ರಸ್ತೆಯಲ್ಲಿ ಲೆಕ್ಕ ಹಿಡಿಯುವುದು ಹೇಗೆ?

ಅಕ್ಟೋಬರ್ ಬಂತೆಂದರೆ ಕೊಡಗಿನ ಬೇರೆ ಬೇರೆ ಊರುಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ರಸ್ತೆ ಮೇಲೆ ಕಪ್ಪು ಚಿಟ್ಟೆಗಳು ಸತ್ತು ಬಿದ್ದಿವೆ. ಏನಾಗ್ತಿದೆ? ನಾವೇನು ಮಾಡಬಹುದು?" ಏಪ್ರಿಲ್, ಮೇ ತಿಂಗಳಲ್ಲಿ ಇದೇ ಪ್ರಶ್ನೆ ಮತ್ತೊಮ್ಮೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ನನ್ನ ಉತ್ತರ ಒಂದೇ: ಮೊದಲು ಎಣಿಸಿ. "ತುಂಬಾ ಸಾಯ್ತಿವೆ" ಎಂದು ಪಂಚಾಯಿತಿಯಲ್ಲಿ ಹೇಳಿದರೆ ಪಾಪ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಮೋರಿಯಿಂದ ಬಸ್ ತಂಗುದಾಣದವರೆಗೆ ಅರ್ಧ ಕಿಲೋಮೀಟರ್, ಹತ್ತು ದಿನದಲ್ಲಿ ಇಷ್ಟು ಸತ್ತಿವೆ, ಅದರಲ್ಲಿ ಮುಕ್ಕಾಲು ಪಾಲು ಮೋರಿಯ ಹತ್ತಿರದ ನೂರು ಮೀಟರಿನಲ್ಲೇ" ಎಂದು ನೋಡಿ. ಆಗ ಹಂಪ್ಸ್ ಎಲ್ಲಿ ಬೇಕು ಎಂಬ ಮಾತು ಶುರುವಾಗುತ್ತದೆ.

ಇವು ಯಾವ ಚಿಟ್ಟೆಗಳು?

ನಮ್ಮಲ್ಲಿ ಗುಂಪಾಗಿ ದೂರ ಹೋಗುವವುಗಳಲ್ಲಿ ಮುಖ್ಯವಾದವು ಹುಲಿ ಚಿಟ್ಟೆಗಳು ಮತ್ತು ಕಾಗೆ ಚಿಟ್ಟೆಗಳು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ, ಈ ನಾಲ್ಕು ಹೆಸರು ನೆನಪಿಟ್ಟುಕೊಂಡರೆ ಶುರು ಮಾಡಲು ಸಾಕು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ, ಚುಕ್ಕೆ ಇದ್ದರೆ ಹುಲಿ. ಕಂದುಗಪ್ಪು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲಿದ್ದರೆ ಕಾಗೆ. ರೆಕ್ಕೆ ಬಿಚ್ಚಿದಾಗ ಸುಮಾರು 8ರಿಂದ 10 ಸೆಂ.ಮೀ. ಅಗಲ. ಜೊತೆಗೆ ತಿಳಿಹಳದಿ ಬಣ್ಣದ ಎಮಿಗ್ರಂಟ್ ಚಿಟ್ಟೆಗಳೂ ಇರುತ್ತವೆ.

ಪಶ್ಚಿಮ ಘಟ್ಟದ ಜೋರು ಮಳೆ ಶುರುವಾಗುವ ಮೊದಲು, ಅಂದರೆ ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಇವು ಒಟ್ಟಾರೆ ಪೂರ್ವದ ಬಯಲಿನ ಕಡೆ ಹೋಗುತ್ತವೆ. ಅಕ್ಟೋಬರ್, ನವೆಂಬರಿನಲ್ಲಿ ಘಟ್ಟದ ಕಡೆ ವಾಪಸ್ ಬರುತ್ತವೆ. ಈ ಎರಡು ಕಾಲಗಳನ್ನು ನಮ್ಮ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಮೊದಲನೆಯದು ಬೇಸಿಗೆ ರಜೆ, ಪ್ರವಾಸಿಗರ ಕಾಲ. ಎರಡನೆಯದು ಮಡಿಕೇರಿ ದಸರಾ ಮತ್ತು ತಲಕಾವೇರಿಯ ತುಲಾ ಸಂಕ್ರಮಣದ ಆಸುಪಾಸು. ವರ್ಷದಲ್ಲಿ ನಮ್ಮ ರಸ್ತೆಗಳಲ್ಲಿ ಗಾಡಿಗಳು ಅತಿ ಜಾಸ್ತಿ ಇರುವ ದಿನಗಳಲ್ಲೇ ಚಿಟ್ಟೆಗಳೂ ಹಾದುಹೋಗುತ್ತವೆ.

ಇನ್ನೊಂದು ವಿಷಯ ತಿಳಿದಿರಬೇಕು. ಹುಲಿ, ಕಾಗೆ ಚಿಟ್ಟೆಗಳ ಮೈಯಲ್ಲಿ ಕಹಿ ವಿಷ ಇರುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಹತ್ತಿರ ಬರುವುದಿಲ್ಲ. ಹಾಗಾಗಿ ಇವು ಅವಸರವಿಲ್ಲದೆ, ತೇಲಿದಂತೆ ಹಾರುತ್ತವೆ. ಹಕ್ಕಿಯಿಂದ ಕಾಪಾಡುವ ಈ ನಿಧಾನವೇ ಕಾರಿನ ಮುಂದೆ ಮುಳುವಾಗುತ್ತದೆ. ತಪ್ಪಿಸಿಕೊಂಡು ಓಡುವ ಅಭ್ಯಾಸ ಅವಕ್ಕೆ ಕಡಿಮೆ.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ಸಿಲ್ (ಮಂಜಿನಲ್ಲಿ ಪೆನ್ನಿನ ಶಾಯಿ ಹರಡುತ್ತದೆ), ಕ್ಯಾಮೆರಾ ಮತ್ತು ದಿಕ್ಸೂಚಿ ಇರುವ ಫೋನು, ಹೊಳೆಯುವ ಪಟ್ಟಿಯ ಜಾಕೆಟ್, ಒಂದು ಸಣ್ಣ ಬ್ರಷ್, ದಪ್ಪ ಕಾಗದದ ತುಂಡು. ಜೊತೆಗೆ ಇನ್ನೊಬ್ಬರು. ಒಬ್ಬರೇ ಹೋಗಬೇಡಿ. ತಲೆ ಬಗ್ಗಿಸಿ ನೆಲ ನೋಡುತ್ತಾ ನಡೆಯುವವರಿಗೆ ಗಾಡಿ ಬರುವುದು ಗೊತ್ತಾಗುವುದಿಲ್ಲ. ಒಬ್ಬರು ಎಣಿಸಬೇಕು, ಒಬ್ಬರು ರಸ್ತೆ ನೋಡಬೇಕು.

ಹಂತ 1: ವಲಸೆ ಹೌದೋ ಅಲ್ಲವೋ ನೋಡಿ

ಚಿಟ್ಟೆ ಜಾಸ್ತಿ ಕಂಡ ಕೂಡಲೇ ವಲಸೆ ಅಂದುಕೊಳ್ಳಬೇಡಿ. ಮಂಜು ಕರಗಿ ಬಿಸಿಲು ಏರಿದ ಮೇಲೆ, ಆಕಾಶ ಚೆನ್ನಾಗಿ ಕಾಣುವ ಕಡೆ ಹತ್ತು ನಿಮಿಷ ನಿಂತುಕೊಳ್ಳಿ. ಎದುರಿಗಿರುವ ಎರಡು ಮರಗಳ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಎಡದಿಂದ ಬಲಕ್ಕೆ ಎಷ್ಟು ದಾಟಿದವು, ಬಲದಿಂದ ಎಡಕ್ಕೆ ಎಷ್ಟು, ಎರಡನ್ನೂ ಬೇರೆ ಬೇರೆ ಬರೆಯಿರಿ. ಹೆಚ್ಚಿನವು ಒಂದೇ ದಿಕ್ಕಿಗೆ, ಹೂವಿನ ಮೇಲೆ ಕೂರದೆ, ಒಂದರ ಹಿಂದೆ ಒಂದು ಹೋಗುತ್ತಿದ್ದರೆ ಅದು ವಲಸೆ. ಎರಡೂ ಕಡೆ ಸರಿಸುಮಾರು ಒಂದೇ ಸಂಖ್ಯೆಯಲ್ಲಿ ಓಡಾಡುತ್ತಿದ್ದರೆ ಅಲ್ಲ.

ಕೊಡಗಿನಲ್ಲಿ ಜನ ವಲಸೆ ಎಂದು ತಪ್ಪು ತಿಳಿಯುವ ಇನ್ನೊಂದು ದೃಶ್ಯ ಇದೆ. ಮೋರಿಯ ಪಕ್ಕ, ತೊರೆ ರಸ್ತೆಗೆ ಹರಿಯುವ ಕಡೆ, ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಒತ್ತೊತ್ತಾಗಿ ಕೂತಿರುತ್ತವೆ ಅಲ್ವಾ? ಅವು ಮಣ್ಣಿನಿಂದ ಉಪ್ಪಿನಂಶ ಹೀರುತ್ತಿರುತ್ತವೆ. ಇಂಗ್ಲಿಷಿನಲ್ಲಿ ಇದನ್ನು ಮಡ್ ಪಡ್ಲಿಂಗ್ ಎನ್ನುತ್ತಾರೆ, ನಾವು ಮಣ್ಣು ಹೀರುವುದು ಎನ್ನೋಣ. ಹೆಚ್ಚಾಗಿ ಗಂಡುಗಳೇ ಹೀಗೆ ಕೂರುತ್ತವೆ. ಒಂದು ಜೀಪು ಆ ಕೆಸರಿನ ಮೇಲೆ ಹಾದರೆ ಒಂದೇ ಏಟಿಗೆ ಹತ್ತಾರು ಹೋಗುತ್ತವೆ. ಇದೂ ದೊಡ್ಡ ನಷ್ಟವೇ, ಆದರೆ ಪರಿಹಾರ ಬೇರೆ. ಆದ್ದರಿಂದ ಪುಸ್ತಕದಲ್ಲಿ ಇದಕ್ಕೆ ಬೇರೆ ಪುಟ ಇಡಿ.

ಹಂತ 2: ರಸ್ತೆಯ ತುಂಡನ್ನು ಆರಿಸಿ

500 ಮೀಟರ್ ಸಾಕು. ಎರಡು ತುದಿಗೂ ಬದಲಾಗದ ಗುರುತು ಇರಲಿ: ಮೋರಿ, ಕಿಲೋಮೀಟರ್ ಕಲ್ಲು, ತೋಟದ ಗೇಟು. ಒಳಗೆ ನೂರು ನೂರು ಮೀಟರಿನ ಐದು ತುಂಡು ಮಾಡಿ 1ರಿಂದ 5 ಎಂದು ಹೆಸರಿಡಿ. ಚಿಟ್ಟೆ ಜಾಸ್ತಿ ಸಾಯುವ ಜಾಗವನ್ನೇ ಹುಡುಕಿ ಆರಿಸಬೇಡಿ. ಬಹಳ ಜನ ಇಲ್ಲೇ ಎಡವುವುದು. ನಿಮ್ಮ ಮನೆಯ ಹತ್ತಿರದ, ದಿನಾ ಹೋಗಿಬರಲು ಆಗುವ ತುಂಡೇ ಒಳ್ಳೆಯದು. ಕಡಿಮೆ ಸಾಯುವ ಜಾಗದ ಲೆಕ್ಕಕ್ಕೂ ಅಷ್ಟೇ ಬೆಲೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸ ಯಾಕೆ ಎಂದು ಕೇಳಲು ಆಗುವುದು.

ನಿಮ್ಮ ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ದಿಕ್ಸೂಚಿ ಇಟ್ಟು ಬರೆದುಕೊಳ್ಳಿ. ಮಡಿಕೇರಿಯಿಂದ ವಿರಾಜಪೇಟೆಗೆ, ಗೋಣಿಕೊಪ್ಪದಿಂದ ಕುಟ್ಟಕ್ಕೆ ಹೋಗುವ ರಸ್ತೆಗಳು ಒಟ್ಟಾರೆ ದಕ್ಷಿಣಕ್ಕೆ ಹೋಗುತ್ತವೆ. ಚಿಟ್ಟೆಗಳು ಅವನ್ನು ಅಡ್ಡ ದಾಟುತ್ತವೆ. ಸಂಪಾಜೆ, ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಎರಡೂ ಬದಿ ಎತ್ತರದ ಮರಗಳಿದ್ದರೆ ರಸ್ತೆಯ ಮೇಲಿನ ತೆರೆದ ಜಾಗವೇ ಚಿಟ್ಟೆಗೂ ದಾರಿಯಾಗಬಹುದು. ಆಗ ಅದು ಕೆಲವೇ ಕ್ಷಣಗಳಲ್ಲಿ ಅಡ್ಡ ದಾಟಿ ಹೋಗುವುದಿಲ್ಲ, ಗಾಡಿಗಳ ಜೊತೆಗೇ ಹಾರುತ್ತಿರುತ್ತದೆ. ಬೆಟ್ಟ, ಕಣಿವೆ, ಗಾಳಿಗೆ ತಕ್ಕಂತೆ ದಿಕ್ಕು ಬದಲಾಗುತ್ತದೆ. ಆದ್ದರಿಂದ ನಿಮ್ಮ ಊರಿನಲ್ಲಿ ಕಂಡದ್ದನ್ನೇ ಬರೆಯಿರಿ.

ಎಚ್ಚರಿಕೆ: ನಾಗರಹೊಳೆಯ ಕಾಡಿನೊಳಗಿನ ರಸ್ತೆಗಳಲ್ಲಿ, ಮಾಕುಟ್ಟದ ಘಾಟಿಯಲ್ಲಿ ಗಾಡಿ ನಿಲ್ಲಿಸಿ ಎಣಿಸಬೇಡಿ. ಅರಣ್ಯದೊಳಗೆ ಇಳಿದು ನಡೆಯಲು ಇಲಾಖೆಯ ಅನುಮತಿ ಬೇಕು. ತಿತಿಮತಿ ಕಡೆ ಹಗಲಲ್ಲೂ ಆನೆ ರಸ್ತೆಗೆ ಬರುತ್ತದೆ. ತಿರುವುಗಳಿರುವ ತುಂಡು ಯಾವ ಊರಿನಲ್ಲೂ ಬೇಡ.

ಹಂತ 3: ಬೆಳಗ್ಗೆ ಗುಡಿಸಿ, ಮಧ್ಯಾಹ್ನ ಎಣಿಸಿ

ಇದು ಇಡೀ ಕೆಲಸದ ಜೀವ. ಬೆಳಗ್ಗೆ 8 ಗಂಟೆಯ ಒಳಗೆ ಒಮ್ಮೆ ನಡೆದು ಹಳೆಯ ಸತ್ತ ಚಿಟ್ಟೆಗಳನ್ನೆಲ್ಲ ಬ್ರಷ್‌ನಿಂದ ರಸ್ತೆಯಾಚೆಗೆ ತಳ್ಳಿ. ಇವನ್ನು ಲೆಕ್ಕಕ್ಕೆ ಸೇರಿಸಬೇಡಿ. ಆಮೇಲೆ ಮಧ್ಯಾಹ್ನ 1 ಗಂಟೆಗೆ ಎಣಿಸಿ. ಆಗ ಸಿಗುವುದು ಅಂದಿನ ಬೆಳಗಿನ ಸಾವು ಮಾತ್ರ. ಎಣಿಸಿದ್ದನ್ನು ಅಲ್ಲೇ ಬಿಡದೆ ಪಕ್ಕಕ್ಕೆ ಹಾಕಿ. ಮೊದಲ ವರ್ಷ ನಾನು ಹೀಗೆ ಮಾಡದೆ, ಒಂದೇ ರೆಕ್ಕೆಯನ್ನು ಮೂರು ದಿನ ಎಣಿಸಿದ್ದೆ. ಆ ವರ್ಷದ ಪುಸ್ತಕವನ್ನು ಬಳಸಲು ಆಗಲಿಲ್ಲ.

ಎದುರಿನಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು ಅಂಚು. ಗಾಡಿಯ ಗಾಜಿಗೆ ಬಡಿದ ಚಿಟ್ಟೆ ಎಷ್ಟೋ ಸಲ ಡಾಂಬರಿನ ಮೇಲೆ ಬೀಳುವುದಿಲ್ಲ, ಹುಲ್ಲಿಗೆ, ಚರಂಡಿಗೆ ಹಾರಿಹೋಗುತ್ತದೆ. ಆದ್ದರಿಂದ ಅಂಚಿನ ಹುಲ್ಲನ್ನೂ ಒಂದು ಮಾರು ಅಗಲ ನೋಡಿ. ಜಿಗಣೆಯ ಕಾಲವಾದರೆ ಕಾಲುಚೀಲದ ಮೇಲೆ ಉಪ್ಪು ಅಥವಾ ನಶ್ಯದ ಪುಡಿ ಹಾಕಿಕೊಳ್ಳಿ.

ಬರೆಯಬೇಕಾದದ್ದು ಇಷ್ಟು: ದಿನಾಂಕ, ಸಮಯ, ಬಿಸಿಲೋ ಮೋಡವೋ, ಯಾವ ತುಂಡು (1ರಿಂದ 5), ಹುಲಿಯೋ ಕಾಗೆಯೋ ಬೇರೆಯೋ, ಡಾಂಬರಿನ ಮೇಲೋ ಅಂಚಿನಲ್ಲೋ. ಬರೀ ಒಂದು ರೆಕ್ಕೆ ಸಿಕ್ಕಿದರೆ "ರೆಕ್ಕೆ ಮಾತ್ರ" ಎಂದು ಬೇರೆಯಾಗಿ ಬರೆಯಿರಿ. ನಾಲ್ಕು ರೆಕ್ಕೆ ಸೇರಿ ಒಂದು ಚಿಟ್ಟೆ ಎನ್ನುವುದು ಮರೆಯಬಾರದು.

ಏನೂ ಸಿಗದ ದಿನ ಸೊನ್ನೆ ಎಂದು ಬರೆಯಿರಿ. ಸೊನ್ನೆ ಬರೆಯಲು ಜನರಿಗೆ ಯಾಕೋ ಬೇಜಾರು. ಆದರೆ ಸೊನ್ನೆಗಳಿಲ್ಲದಿದ್ದರೆ ವಲಸೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಹಂತ 4: ಸತ್ತಿದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ

ಕಾಗೆ ಚಿಟ್ಟೆಗೆ ಸತ್ತಂತೆ ನಟಿಸುವ ಗುಣ ಇದೆ. ಹಿಡಿದರೆ ಅಲುಗಾಡದೆ ಬಿದ್ದಿರುತ್ತದೆ, ಕೆಟ್ಟ ವಾಸನೆಯ ರಸ ಬಿಡುತ್ತದೆ. ಈ ಗುಂಪಿನ ಚಿಟ್ಟೆಗಳ ಮೈ ಚರ್ಮದಂತೆ ಗಟ್ಟಿ, ಸುಲಭಕ್ಕೆ ಜಜ್ಜಿಹೋಗುವುದಿಲ್ಲ. ಗಾಳಿಯ ಹೊಡೆತಕ್ಕೆ ಬಿದ್ದದ್ದು ಸ್ವಲ್ಪ ಹೊತ್ತಿನ ನಂತರ ಎದ್ದು ಹಾರಬಹುದು. ಹಾಗಾಗಿ ರೆಕ್ಕೆ ಪೂರ್ತಿ ಇದ್ದು ಸುಮ್ನೆ ಬಿದ್ದಿರುವ ಚಿಟ್ಟೆಯನ್ನು ಕಾಗದದ ಮೇಲೆ ಮೆಲ್ಲಗೆ ಎತ್ತಿ, ನಿಮ್ಮ ಕಡೆಯ ಅಂಚಿನ ಗಿಡದ ಎಲೆ ಮೇಲೆ ಇಡಿ. ಬೆರಳಿನಿಂದ ರೆಕ್ಕೆ ಹಿಡಿಯಬೇಡಿ, ಪುಡಿಯಂಥ ಹುರುಪೆ ಉದುರುತ್ತದೆ. ವಾಪಸ್ ಬರುವಾಗ ನೋಡಿ. ಅದು ಅಲ್ಲಿ ಇಲ್ಲದಿದ್ದರೆ "ಬದುಕಿರಬಹುದು" ಎಂದು ಬರೆಯಿರಿ. ಸತ್ತವುಗಳ ಲೆಕ್ಕಕ್ಕೆ ಸೇರಿಸಬೇಡಿ.

ಗುರುತಿಸಲು ಫೋಟೋ ಎರಡು ಬೇಕು, ರೆಕ್ಕೆಯ ಮೇಲ್ಭಾಗದ್ದು, ಕೆಳಭಾಗದ್ದು. ಪಕ್ಕದಲ್ಲಿ ಒಂದು ನಾಣ್ಯ ಇಡಿ. ಬ್ಲೂ ಟೈಗರ್ ಗಂಡಿನ ಹಿಂರೆಕ್ಕೆಯಲ್ಲಿ ಸಣ್ಣ ಚೀಲದಂತಹ ಗುರುತು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಡಬಲ್ ಬ್ರ್ಯಾಂಡೆಡ್ ಕ್ರೋ ಗಂಡಿನ ಮುಂರೆಕ್ಕೆಯ ಮೇಲೆ ಎರಡು ಗೀಟು ಕಾಣುತ್ತವೆ, ಹೆಸರು ಬಂದದ್ದೇ ಅದರಿಂದ. ಗೊತ್ತಾಗದಿದ್ದರೆ ಫೋಟೋವನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ವೆಬ್‌ಸೈಟಿಗೆ ಹಾಕಿ. ಬಲ್ಲವರು ಹೆಸರು ಹೇಳುತ್ತಾರೆ. ಸತ್ತ ಚಿಟ್ಟೆಗಳನ್ನು ಡಬ್ಬಿಯಲ್ಲಿ ತುಂಬಿ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಹಲವು ಚಿಟ್ಟೆಗಳಿವೆ, ಒಳ್ಳೆಯ ಉದ್ದೇಶ ಇದ್ದರೂ ಅದು ತೊಂದರೆಯೇ.

ಹಂತ 5: ಗಾಡಿಗಳನ್ನೂ ಎಣಿಸಿ

ಎಣಿಕೆಯ ದಿನ 10 ಗಂಟೆಗೆ ಒಮ್ಮೆ, 12ಕ್ಕೆ ಒಮ್ಮೆ, ಹತ್ತತ್ತು ನಿಮಿಷ. ಬೈಕು, ಕಾರು ಮತ್ತು ಜೀಪು, ಬಸ್ಸು ಮತ್ತು ಲಾರಿ, ಈ ಮೂರು ಗುಂಪು ಸಾಕು. ಅದೇ ಹೊತ್ತಿಗೆ ಎಷ್ಟು ಚಿಟ್ಟೆ ರಸ್ತೆ ದಾಟಿದವು, ಅದರಲ್ಲಿ ಕಾರಿನ ಎತ್ತರಕ್ಕಿಂತ ಕೆಳಗೆ ದಾಟಿದ್ದು ಎಷ್ಟು ಎಂದೂ ಬರೆಯಿರಿ. ಕೆಳಗೆ ದಾಟುವ ಜಾಗ ಸಿಕ್ಕಿತೆಂದರೆ ಅಪಾಯ ಎಲ್ಲಿದೆ ಎಂಬುದೂ ಸಿಕ್ಕಿದ ಹಾಗೆ.

ಹಂತ 6: ಕಾಣೆಯಾದವನ್ನು ಲೆಕ್ಕಕ್ಕೆ ತನ್ನಿ

ಬಿದ್ದ ಚಿಟ್ಟೆಗಳೆಲ್ಲ ನೀವು ಬರುವವರೆಗೆ ಅಲ್ಲೇ ಇರುವುದಿಲ್ಲ. ಇರುವೆ ಎಳೆದೊಯ್ಯುತ್ತದೆ, ಗಾಳಿ ಹಾರಿಸುತ್ತದೆ, ಟೈರಿಗೆ ಅಂಟಿಕೊಂಡು ಹೋಗುತ್ತದೆ. ಇದಕ್ಕೆ ಸುಲಭ ಪರೀಕ್ಷೆ ಇದೆ. ಸತ್ತು ಸಿಕ್ಕ 10 ಚಿಟ್ಟೆಗಳನ್ನು ಬೆಳಗ್ಗೆ 9ಕ್ಕೆ ನಿಮ್ಮ ತುಂಡಿನ ಅಲ್ಲಲ್ಲಿ ಹಾಕಿ, ರೆಕ್ಕೆಯ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು ಗುರುತು ಮಾಡಿ. 1 ಗಂಟೆಗೆ ಎಷ್ಟು ಉಳಿದಿವೆ ನೋಡಿ. ಉದಾಹರಣೆಗೆ 6 ಉಳಿದರೆ, ನಿಮ್ಮ ಕಣ್ಣಿಗೆ ಬೀಳುವುದು ನೂರಕ್ಕೆ ಅರವತ್ತು ಮಾತ್ರ. ಆ ದಿನ 12 ಎಣಿಸಿದ್ದರೆ ನಿಜವಾದ ಸಂಖ್ಯೆ 20ರ ಹತ್ತಿರ ಇರಬಹುದು. ಎರಡು ಮೂರು ದಿನ ಮಾಡಿ ಸರಾಸರಿ ತೆಗೆಯಿರಿ. ಎಣಿಸಿದ ಸಂಖ್ಯೆ ಮತ್ತು ಅಂದಾಜು ಸಂಖ್ಯೆ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ.

ಅಷ್ಟಕ್ಕೇ ನಿಲ್ಲಿಸಿ. ನಿಮ್ಮ 500 ಮೀಟರಿನ ಲೆಕ್ಕವನ್ನು ಇಡೀ ಜಿಲ್ಲೆಯ ರಸ್ತೆಗೆ ಗುಣಿಸಿ "ಲಕ್ಷಗಟ್ಟಲೆ" ಎಂದು ಹೇಳಬೇಡಿ. ಅಮೆರಿಕದ ಇಲಿನಾಯ್ ರಾಜ್ಯದ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದೇ ವಾರದಲ್ಲಿ ಸುಮಾರು 2 ಕೋಟಿ ಚಿಟ್ಟೆ, ಪತಂಗಗಳು ರಸ್ತೆಗೆ ಬಲಿಯಾದವು ಎಂದು ಅಂದಾಜು ಮಾಡಿತ್ತು. ಅದರಲ್ಲಿ 5 ಲಕ್ಷ ಮೊನಾರ್ಕ್, ನಮ್ಮ ಹುಲಿ ಚಿಟ್ಟೆಗಳ ನೆಂಟರು. ಅವರು ಬೇರೆ ಬೇರೆ ರಸ್ತೆಗಳಲ್ಲಿ ಎಣಿಸಿ ಆ ಅಂದಾಜಿಗೆ ಬಂದರು. ನಮ್ಮ ಹತ್ತಿರ ಒಂದೇ ರಸ್ತೆ ಇದೆ. ಉತ್ಪ್ರೇಕ್ಷೆ ಒಮ್ಮೆ ಸಿಕ್ಕಿಬಿದ್ದರೆ ನಿಜವಾದ ಸಂಖ್ಯೆಯನ್ನೂ ಯಾರೂ ನಂಬುವುದಿಲ್ಲ.

ಹಂತ 7: ಎಣಿಸುತ್ತಿರುವಾಗಲೇ ಮಾಡಬಹುದಾದದ್ದು

ಗಾಡಿ ಓಡಿಸುವವರಿಗೆ ಹೇಳುವ ಮಾತು ಒಂದೇ, ವೇಗ. ವಲಸೆಯ ದಿನಗಳಲ್ಲಿ ಬಿಸಿಲಿರುವಾಗ, ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಚಿಟ್ಟೆ ಕಾಣುವ ಜಾಗದಲ್ಲಿ ಗಂಟೆಗೆ 30 ಕಿ.ಮೀ. ಆಸುಪಾಸಿಗೆ ಇಳಿಸಿ. ನಿಧಾನದ ಗಾಡಿಯ ಮುಂದಿನ ಗಾಳಿ ಎಷ್ಟೋ ಸಲ ಚಿಟ್ಟೆಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ವೇಗದಲ್ಲಿ ಅದು ನೇರ ಗಾಜಿಗೆ ಬರುತ್ತದೆ. ಆದರೆ ಚಿಟ್ಟೆ ತಪ್ಪಿಸಲು ಸ್ಟೀರಿಂಗ್ ತಿರುಗಿಸಬೇಡಿ, ಸಡನ್ ಬ್ರೇಕ್ ಬೇಡ. ಹಿಂದೆ ಬೈಕಿನವರಿರುತ್ತಾರೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ದಾರಿ ಹೇಳುವಾಗಲೇ ಈ ಒಂದು ಸಾಲು ಸೇರಿಸಿದರೆ ತುಂಬಾ ಉಪಕಾರ.

ಕೆಲವರು ರಾತ್ರಿ ಸಂಚಾರ ನಿಲ್ಲಿಸಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇರುವ ನಿರ್ಬಂಧ ಆನೆ, ಜಿಂಕೆಗಳಿಗೆ ದೊಡ್ಡ ಆಸರೆ. ಚಿಟ್ಟೆ ಹಾರುವುದು ಹಗಲಲ್ಲಿ. ಅವಕ್ಕೆ ಬೇಕಾದದ್ದು ಹಗಲಿನ ನಿಧಾನ.

ತೋಟ ಇರುವವರಿಗೆ ಎರಡು ಮಾತು. ಒಂದು, ಹೂಗಿಡಗಳನ್ನು ರಸ್ತೆ ಬದಿಯ ಬೇಲಿಗೆ ನೆಡಬೇಡಿ, ಒಳಗೆ ನೆಡಿ. ಒಣಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಕ್ರೊಟಲೇರಿಯಾ ಗಿಡಕ್ಕೆ ಹುಲಿ, ಕಾಗೆ ಚಿಟ್ಟೆಯ ಗಂಡುಗಳು ಮುತ್ತಿಕೊಳ್ಳುತ್ತವೆ. ಅದರ ರಸದಿಂದಲೇ ಅವು ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸುವುದು. ಅಂಥ ಗಿಡ ರಸ್ತೆಗಿಂತ ದೂರ, ಬಿಸಿಲು ಬೀಳುವ ಕಡೆ ಇರಲಿ. ಎರಡು, ರಸ್ತೆ ಬದಿಯ ಎತ್ತರದ ಮರ, ದಟ್ಟ ಬೇಲಿ ಉಳಿಸಿ. ಅದನ್ನು ದಾಟಲು ಚಿಟ್ಟೆ ಮೇಲೇರುತ್ತದೆ, ರಸ್ತೆಯನ್ನೂ ಅದೇ ಎತ್ತರದಲ್ಲಿ ದಾಟುವ ಸಾಧ್ಯತೆ ಜಾಸ್ತಿ.

ಮಣ್ಣು ಹೀರುವ ಜಾಗಕ್ಕೆ ಉಪಾಯ ಇನ್ನೂ ಸುಲಭ. ಚರಂಡಿ ಕಟ್ಟಿಕೊಂಡು ನೀರು ರಸ್ತೆಗೆ ಬರುತ್ತಿದ್ದರೆ ಚರಂಡಿ ಬಿಡಿಸಿ. ರಸ್ತೆಯಿಂದ ಇಪ್ಪತ್ತು ಮೂವತ್ತು ಅಡಿ ಆಚೆ, ಬಿಸಿಲಿನಲ್ಲಿ, ಮರಳು ಮಣ್ಣು ಹಾಕಿ ಒದ್ದೆ ಇಡಿ. ಒಂದು ಚಿಟಿಕೆ ಉಪ್ಪು ಸಾಕು.

ಹಂತ 8: ಯಾರಿಗೆ, ಹೇಗೆ ಕೊಡಬೇಕು

ಒಂದೇ ಪುಟ. ಮೇಲೆ ರಸ್ತೆಯ ಕೈನಕ್ಷೆ, ಐದು ತುಂಡು, ಪ್ರತಿ ತುಂಡಿನ ಪಕ್ಕ ಸತ್ತ ಚಿಟ್ಟೆಗಳ ಸಂಖ್ಯೆ. ಕೆಳಗೆ ಎಷ್ಟು ದಿನ ಎಣಿಸಿದಿರಿ, ಯಾವ ಹೊತ್ತು, ಗಂಟೆಗೆ ಎಷ್ಟು ಗಾಡಿ. ಕೊನೆಗೆ ಒಂದು ಬೇಡಿಕೆ, ಒಂದೇ. "ತುಂಡು 3ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ ವೇಗಮಿತಿ ಬೋರ್ಡ್ ಮತ್ತು ತಾತ್ಕಾಲಿಕ ಹಂಪ್ಸ್." ಊರಿನ ರಸ್ತೆಯಾದರೆ ಗ್ರಾಮ ಪಂಚಾಯಿತಿಗೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ಕಾಡಿನ ಅಂಚಾದರೆ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೂ ಒಂದು ಪ್ರತಿ ಕಳಿಸಿ. ಅಲ್ಲಿನ ವಿದ್ಯಾರ್ಥಿಗಳಿಗೆ ಇದು ಉಪಯೋಗಕ್ಕೆ ಬರಬಹುದು.

"ಚಿಟ್ಟೆಗಾಗಿ ರಸ್ತೆಯಾ?" ಎಂದು ಯಾರಾದರೂ ಕೇಳಿದರೆ ತೈವಾನಿನ ವಿಷಯ ಹೇಳಿ. ಅಲ್ಲಿನ ಲಿನ್ನೈ ಎಂಬಲ್ಲಿ 3ನೇ ನಂಬರಿನ ಹೆದ್ದಾರಿಯನ್ನು ನೇರಳೆ ಕಾಗೆ ಚಿಟ್ಟೆಗಳು ಗುಂಪಾಗಿ ದಾಟುತ್ತವೆ. ನಮ್ಮ ಕಾಗೆ ಚಿಟ್ಟೆಯ ಕುಲದವೇ. 2007ರಲ್ಲಿ ಅಲ್ಲಿ ರಸ್ತೆ ಬದಿಗೆ ಎತ್ತರದ ಬಲೆ ಕಟ್ಟಿ ಚಿಟ್ಟೆಗಳು ಗಾಡಿಗಳ ಮೇಲಿಂದ ಹಾರುವಂತೆ ಮಾಡಿದರು. ನಿಮಿಷಕ್ಕೆ 500 ಚಿಟ್ಟೆ ದಾಟಿದರೆ ಅಂಚಿನ ಲೇನ್ ಮುಚ್ಚುವ ಪದ್ಧತಿ ಮಾಡಿದರು. ಅಲ್ಲೂ ತೀರ್ಮಾನ ಆದದ್ದು ಯಾರೋ ನಿಂತು ನಿಮಿಷಕ್ಕೆ ಇಷ್ಟು ಎಂದು ಎಣಿಸಿದ್ದರಿಂದಲೇ.

ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬೋರ್ಡ್ ಬಂದರೂ ಬರದಿದ್ದರೂ ಮುಂದಿನ ವರ್ಷ ಅದೇ ತುಂಡಿನಲ್ಲಿ, ಅದೇ ವಾರಗಳಲ್ಲಿ, ಅದೇ ಹೊತ್ತಿಗೆ ಮತ್ತೆ ಎಣಿಸಿ. ತುಂಡು 3ರಲ್ಲಿ ಸಂಖ್ಯೆ ಇಳಿದು 1, 2, 4, 5ರಲ್ಲಿ ಹಾಗೇ ಇದ್ದರೆ, ಹಂಪ್ಸ್ ಕೆಲಸ ಮಾಡಿದೆ ಎಂದು ಹೇಳಲು ನಿಮ್ಮ ಹತ್ತಿರ ಆಧಾರ ಇರುತ್ತದೆ. ಐದರಲ್ಲೂ ಇಳಿದಿದ್ದರೆ ಆ ವರ್ಷ ಚಿಟ್ಟೆಗಳೇ ಕಡಿಮೆ ಬಂದಿರಬಹುದು. ಆಗ ಹಂತ 1ರ ಹತ್ತು ನಿಮಿಷದ ಎಣಿಕೆಯ ಪುಟ ತೆಗೆದು ನೋಡಿ.